ವಿಯೆನ್ನಾ ನಾಲ್ಕು ದಿನ, ಬುಡಾಪೆಸ್ಟ್ ಮೂರು

ಕಿಟಕಿಯ ಗಾಜಿನ ಮೇಲೆ ಯಾರದೋ ತಲೆಯೆಣ್ಣೆಯ ಕಲೆ, ಅಂಗೈಯಗಲ, ಅದರಾಚೆ ನಮ್ಮ ಇಂಡಿ ಊರಿನ ನಿಂಬೆ ತೋಟಗಳು ಮಸುಕಾಗಿ ಹಿಂದಕ್ಕೆ ಓಡುತ್ತಿವೆ, ಸೆರಗಿನ ತುದಿಯಿಂದ ಉಜ್ಜಿದೆ, ಹೋಗಲಿಲ್ಲ, ಇನ್ನಷ್ಟು ಹರಡಿತು, ಸೆರಗೂ ಜಿಡ್ಡಾಯಿತು, ಭೇಷ್ ನಿಷತ, ಐವತ್ತು ದಾಟಿದರೂ ಕೈ ಸುಮ್ಮನಿಟ್ಟುಕೊಳ್ಳಲು ನಿನಗೆ ಬರುವುದಿಲ್ಲ — ವಿಯೆನ್ನಾದ ಟ್ರಾಮಿನ ಕಿಟಕಿ ಹೀಗಿರುವುದಿಲ್ಲ, ಜೊತೆಗೆ ಹೊರಟಿರುವ ಗೆಳತಿ ಸುವರ್ಣಾ ಕಳಿಸಿದ ವಿಡಿಯೋದಲ್ಲಿ ನೋಡಿದ್ದೇನೆ, ಗಾಜು ಇದೆಯೋ ಇಲ್ಲವೋ ಅನ್ನುವ ಹಾಗೆ, ಕೆಂಪು ಟ್ರಾಮು, ಹೊರಗೆ ಸಾಲುಮರಗಳಲ್ಲಿ ಆಗತಾನೆ ಚಿಗುರು, ಅವರಿಗೆ ಏಪ್ರಿಲ್ ಎಂದರೆ ವಸಂತವಂತೆ, ಸ್ವೆಟರ್ ಹಾಕಿಕೊಂಡು ನೋಡುವ ವಸಂತ, ನಮಗೆ ಏಪ್ರಿಲ್ ಬರುವ ಮೊದಲೇ ಈ ಬಸ್ಸಿನ ಸರಳು ಬೆಳಿಗ್ಗೆ ಒಂಬತ್ತಕ್ಕೇ ಮುಟ್ಟಲಾಗದಷ್ಟು ಕಾದಿದೆ. ನಾಲ್ಕು ದಿನ ವಿಯೆನ್ನಾ, ಮೂರು ದಿನ ಬುಡಾಪೆಸ್ಟ್ ಅನ್ನುತ್ತಾಳೆ ಸುವರ್ಣಾ, ನಾನು ಮೂರು ವಿಯೆನ್ನಾ, ನಾಲ್ಕು ಬುಡಾಪೆಸ್ಟ್ ಅನ್ನುತ್ತೇನೆ, ಯಾಕೆಂದರೆ ವಿಯೆನ್ನಾದಲ್ಲಿ ಹೊಳೆ ಊರಿನ ನಟ್ಟನಡುವೆ ಇಲ್ಲ, ಆಚೆಗೆ ಹರಿಯುತ್ತದೆ, ಊರೊಳಗೆ ಬರುವುದು ಅದರ ಕಾಲುವೆ, ಬುಡಾಪೆಸ್ಟಿನಲ್ಲಾದರೆ ಬುಡಾ ಒಂದು ದಂಡೆ, ಪೆಸ್ಟ್ ಇನ್ನೊಂದು ದಂಡೆ, ನಡುವೆ ಡ್ಯಾನ್ಯೂಬ್, ಎಲ್ಲಿ ನಿಂತರೂ ಹೊಳೆಯೇ. ಅಕ್ಕಾ, ಕಾಲುವ್ಯಾಗ ಹರಿಯೂದೂ ಅದರದ ನೀರಲ್ಲೇನ, ಅರಮನಿ ನೋಡೂಣು, ಕೇಕ್ ತಿನ್ನೂಣು ಅನ್ನುತ್ತಾಳೆ, ಗಣಿತದ ಟೀಚರ್ ಇವಳು, ಎಡಕ್ಕೂ ಬಲಕ್ಕೂ ಸಮ ಮಾಡಿಬಿಡುತ್ತಾಳೆ, ಕಾಲುವೆ ನೋಡಲು ಅಷ್ಟು ದೂರ ಹೋಗಬೇಕೇ, ನಮ್ಮ ನಿಡಗುಂದಿಗೆ ಹೋದರೆ ಬೇಕಾದಷ್ಟು ಕಾಲುವೆ. ಅರಮನೆ ಕೇಕು ಎಲ್ಲಾ ಇರಲಿ, ಮೊದಲು ಇವತ್ತಿನ ಕೆಲಸ, ಇವತ್ತು ಮುದ್ದೇಬಿಹಾಳಕ್ಕೆ ಹೋಗಿ ಅತ್ತೆಗೆ ಹೇಳಿಬಿಡಬೇಕು — ಅತ್ತೀ, ನಾ ಉಮ್ರಾಕ್ಕ ಹೊಂಟಿಲ್ರಿ. ಇಷ್ಟೇ, ಮಕ್ಕಾ ಯಾತ್ರೆಗೆ ಹೊರಟಿಲ್ಲ ಎನ್ನುವ ಒಂದು ಸಣ್ಣ ಮಾತು, ತಿಂಗಳಿಗಿಂತ ಹೆಚ್ಚಾಯಿತು, ಬಾಯಿಗೆ ಬರುತ್ತಿಲ್ಲ.

ತಪ್ಪು ಯಾರದು ಅಂದರೆ ಟಪ್ಪಾಲಿನವನದು ಅನ್ನಬೇಕು, ಅವನು ಆ ಹೊತ್ತಿಗೇ ಬರಬೇಕಿತ್ತೇ, ಅತ್ತೆ ಕಣ್ಣಿನ ಆಪರೇಶನ್ನಿಗೆಂದು ಮುದ್ದೇಬಿಹಾಳದಿಂದ ನಮ್ಮಲ್ಲಿಗೆ ಬಂದಿದ್ದರು, ಕಟ್ಟೆಯ ಮೇಲೆ ಕರೀ ಚಷ್ಮಾ ಹಾಕಿಕೊಂಡು ಕೂತಿದ್ದರು, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಮೊಣಕೈತನಕ ಹಿಟ್ಟು, ಪಾಸ್‌ಪೋರ್ಟ್ ಬಂದೈತ್ರಿ ಟೀಚರ್, ಸಹಿ ಮಾಡಬರ್ರಿ ಎಂದು ಅವನು ಓಣಿಗೆಲ್ಲಾ ಕೇಳುವ ಹಾಗೆ ಕೂಗಿದ, ನಾನು ಕೈ ತೊಳೆದು ಬರುವಷ್ಟರಲ್ಲಿ ಲಕೋಟೆ ಅತ್ತೆಯ ಕೈಯಲ್ಲಿತ್ತು. ನಮ್ಮ ಮನೆಗೆ ಇದಕ್ಕೂ ಮೊದಲು ಬಂದ ಪಾಸ್‌ಪೋರ್ಟ್ ಒಂದೇ, ಮಾವನದು, ಹಜ್‌ಗೆ ಹೋದಾಗಿನದು, ದೇವಣಗಾಂವದಿಂದ ಮುದ್ದೇಬಿಹಾಳದವರೆಗೆ ನಮ್ಮ ಬಳಗದಲ್ಲಿ ವಿಮಾನ ಹತ್ತಿದವರೆಲ್ಲಾ ಹತ್ತಿದ್ದು ಆ ಒಂದು ಊರಿಗೇ, ಹಾಗಾಗಿ ಎಲ್ಲಿಗೆ ಎಂದು ಕೇಳಬೇಕೆಂದು ಅತ್ತೆಗೆ ಹೊಳೆಯಲೇ ಇಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹೊಳೆಯುತ್ತಿರಲಿಲ್ಲ. ಅದನ್ನು ಕಣ್ಣಿಗೆ ಒತ್ತಿಕೊಂಡರು, ಮುತ್ತಿಟ್ಟರು, ಅಲ್ಲಾ ನಿನಗ ಕರೆ ಕಳಿಸ್ಯಾನ ನಿಷತ, ನಮ್ಮ ಮನಿ ಹೆಣ್ಣಮಕ್ಕಳೊಳಗ ಮೊದಲ ನಿನಗ ಕರೆ ಬಂತ ನೋಡು ಎಂದು ಅಳತೊಡಗಿದರು, ಆಪರೇಶನ್ ಆದ ಕಣ್ಣು, ನೀರು ಹಾಕಬಾರದೆಂದು ಡಾಕ್ಟರು ಹತ್ತು ಸಲ ಹೇಳಿದ್ದರು, ಅಳಬ್ಯಾಡ್ರಿ ಅತ್ತೀ, ಅಳಬ್ಯಾಡ್ರಿ ಎಂದು ನಾನು ಅದೊಂದನ್ನೇ ಹೇಳುತ್ತ ನಿಂತೆ, ಹೇಳಬೇಕಾದ್ದನ್ನು ಹೇಳಲಿಲ್ಲ, ಕಣ್ಣು ಆರಾಮಾಗಲಿ ಆಮೇಲೆ ಹೇಳೋಣ ಅಂದುಕೊಂಡೆ, ಸಂಜೆಗೆ ಮುದ್ದೇಬಿಹಾಳಕ್ಕೆ ಫೋನು ಹೋಯಿತು, ಮರುದಿನ ದೇವಣಗಾಂವಕ್ಕೆ, ಕಣ್ಣು ಆರಾಮಾಗುವ ಹೊತ್ತಿಗೆ ಮೂರು ತಾಲ್ಲೂಕಿಗೆ ನಾನು ಉಮ್ರಾ ಯಾತ್ರಿ. ಇವರಿಗೆ, ನನ್ನ ಗಂಡ ಸಿಕಂದರ ಸಾಹೇಬರಿಗೆ, ಎಲ್ಲಾ ಗೊತ್ತು, ನಿಂಬೆಯ ವ್ಯಾಪಾರಿ, ಚೀಲಗಳ ನಡುವೆ ಕೂತು ಮುಂಬೈ ಮಾರ್ಕೆಟ್ಟಿನವರ ಮೇಲೆ ಫೋನಿನಲ್ಲಿ ಗುಡುಗುತ್ತಾರೆ, ಅವ್ವನ ಮುಂದೆ ಬೆಕ್ಕಿನ ಮರಿ, ನಮ್ಮ ಅವ್ವಗ ನಾ ಹೇಳಾಂವಲ್ಲ, ನೀನ ಹೇಳು, ನಿನ್ನ ಹೊಳಿ, ನಿನ್ನ ಬಾಯಿ. ಆಮೇಲೊಂದು ದಿನ ಊಟ ಮಾಡುತ್ತ, ಅದನ್ನ ಖರೇ ಮಾಡಿಬಿಡಲಾ, ಉಮ್ರಾಕ್ಕನ ಹೋಗಿ ಬಾ, ಎಲ್ಲಾರಿಗೂ ಸಮಾಧಾನ ಅಂದರು — ನನಗೆ ಎಂಥಾ ಸಿಟ್ಟು ಬಂತೆಂದರೆ ತಾಟು ಕುಕ್ಕಿ ಎದ್ದೆ, ಎದ್ದಮೇಲೆ ಆ ಸಿಟ್ಟಿಗೆ ನನಗೇ ಅಂಜಿಕೆಯಾಯಿತು, ತೌಬಾ ತೌಬಾ, ಉಮ್ರಾಕ್ಕೆ ಹೋಗು ಅಂದರೆ ಸಿಟ್ಟಾಗುವವಳೇ ನಾನು, ಹೋಗುತ್ತೇನೆ, ನನಗೂ ಆಸೆ ಇದೆ, ಇನ್ಶಾ ಅಲ್ಲಾ ಇವರ ಜೊತೆಗೇ ಹೋಗುತ್ತೇನೆ, ಆದರೆ ಈ ಏಪ್ರಿಲ್ಲಿನ ಈ ಒಂದು ವಾರ ನನಗೆ ಹೊಳೆಗೆ ಬೇಕು.

ಯಾಕೆ ಬೇಕು ಎಂದು ಕೇಳಿದರೆ ಉತ್ತರವಿಲ್ಲ, ಇರುವ ತೊಂದರೆಯೇ ಅದು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವರ್ಷ ವರ್ಷ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಆ ಹೊಳೆಯನ್ನು ಎಳೆದಿದ್ದೇನೆ, ಕಪ್ಪು ಅರಣ್ಯದಲ್ಲಿ ಹುಟ್ಟಿ ಕಪ್ಪು ಸಮುದ್ರ ಸೇರುತ್ತದೆ, ಬರೆದುಕೊಳ್ಳಿ, ಕೈಗೆ ಅದರ ದಾರಿ ಎಷ್ಟು ರೂಢಿಯೆಂದರೆ ಹುಡುಗಿಯರ ಕಡೆ ಮುಖ ಮಾಡಿಕೊಂಡೇ ಎಳೆಯುತ್ತೇನೆ, ಪೂರ್ವಕ್ಕೆ ಹೋಗುತ್ತ ಹೋಗುತ್ತ ಬುಡಾಪೆಸ್ಟ್ ಹತ್ತಿರ ಬಂದಾಗ ಒಮ್ಮೆಲೇ ದಕ್ಷಿಣಕ್ಕೆ ಹೊರಳುತ್ತದೆ, ಏನೋ ನೆನಪಾಗಿ ಮನೆಗೆ ತಿರುಗಿದವರ ಹಾಗೆ, ಆ ಹೊರಳಿನ ದಂಡೆಯ ಮೇಲೆ ಒಂದು ಸಲ ನಿಲ್ಲಬೇಕು, ನಿಂತು ಏನು ಮಾಡುತ್ತಿ ಎಂದರೆ ಏನೂ ಇಲ್ಲ, ನಿಲ್ಲುತ್ತೇನೆ. ನಾನು ಈವರೆಗೆ ಮಾಡಿದ ಪ್ರಯಾಣಕ್ಕೆಲ್ಲಾ ಒಂದು ಕಾರಣ ಇತ್ತು, ಮದುವೆ, ಸತ್ತವರ ಮನೆಯ ಮಯ್ಯತ್ತು, ಬಾಣಂತನ, ಆಸ್ಪತ್ರೆ, ಎಸ್ಸೆಸ್ಸೆಲ್ಸಿ ಪೇಪರು ತಿದ್ದುವುದು, ಇಲೆಕ್ಷನ್ ಡ್ಯೂಟಿ, ಗೋಳಗುಮ್ಮಟ ನೋಡಿದ್ದೂ ಹುಡುಗಿಯರ ತಲೆ ಎಣಿಸುತ್ತ ನೋಡಿದ್ದು, ಮೇಲೆ ನೋಡಿದ್ದೇ ಇಲ್ಲ. ಗಂಡಸರು ಸುಮ್ಮನೆ ಹೋಗುತ್ತಾರೆ, ಇವರು ದಿನಾ ಸಂಜೆ ಸುಮ್ಮನೆ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರುತ್ತಾರೆ, ಯಾಕೆ ಎಂದು ಯಾರೂ ಕೇಳುವುದಿಲ್ಲ, ಹೆಂಗಸು ಸುಮ್ಮನೆ ಹೋಗುತ್ತಾಳೆ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಮಾತೇ ಇಲ್ಲ, ಮಾತೇ ಇಲ್ಲದ್ದನ್ನು ಹೇಗೆ ಹೇಳಲಿ. ಸುವರ್ಣಾ ಒಬ್ಬಳಿಗೆ ಹೇಳಬೇಕಾಗಲಿಲ್ಲ, ಇಂಡಿಯಲ್ಲಿ ನನ್ನ ಜೊತೆ ಕಲಿಸುತ್ತಿದ್ದಳು, ಈಗ ಬದಲಿಯಾಗಿ ಅವಳ ಊರು ಬಸವನ ಬಾಗೇವಾಡಿಯಲ್ಲಿದ್ದಾಳೆ, ಅಕ್ಕಾ, ನನಗೂ ಒಂದ ಸಲ ಸುಮ್ನ ಹೋಗಬೇಕಾಗೈತಿ ಅಂದಳು, ಅಷ್ಟೇ, ಅವತ್ತಿನಿಂದ ಫೋನಿನಲ್ಲಿ ಇಬ್ಬರೂ ಇದನ್ನೇ ಹಿಂಜುತ್ತಿದ್ದೇವೆ, ಅವಳ ಗಂಡ ಸಂಗಣ್ಣ ಹೋಗಿ ಬಾ, ಬರೂಮುಂದ ಚಾಕಲೇಟ್ ತಾ ಅಂದನಂತೆ, ಮುಗಿಯಿತು, ಎಷ್ಟು ಸಲೀಸು ನೋಡಿ. ಅವಳು ತತ್ತಿಯನ್ನೂ ಮುಟ್ಟುವವಳಲ್ಲ, ನಾನು ಹಲಾಲ್ ಹೌದೋ ಅಲ್ಲವೋ ನೋಡದೆ ತಿನ್ನುವವಳಲ್ಲ, ಇಬ್ಬರಿಗೂ ಕೂಡಿ ಒಂದು ವಾರಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಾಜರ ಅರಮನೆಯ ಮುಂದಿನ ಬೆಂಚಿನ ಮೇಲೆ ಕೂತು ಕಟಕಟ ಮುರಿದು ತಿನ್ನುವುದು, ಇದೊಂದು ನಮ್ಮಿಬ್ಬರಲ್ಲಿ ಜಗಳವಿಲ್ಲದೆ ತೀರ್ಮಾನವಾದ ವಿಷಯ.

ಸಿಂದಗಿ, ಇಳೀರಿ ಇಳೀರಿ, ಬಾಗೇವಾಡಿ ಮುದ್ದೇಬಿಹಾಳಕ್ಕ ಹೋಗವರು ಆ ಕಡೆ ಗಾಡಿ ಹತ್ತರಿ ಎಂದು ಕಂಡಕ್ಟರ್ ಕೂಗುತ್ತಿದ್ದಾನೆ, ಇಳಿದೆ, ಇಳಿಯುತ್ತಿದ್ದ ಹಾಗೇ ಕಂಡಳು ನಾಜಿಮಾ, ಇವರ ಕಾಕಾನ ಸೊಸೆ, ನನ್ನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಯಿತು, ಹುಡುಗಿ ಪಿಯುಸಿ ಮುಗಸಲಿ, ಆಮ್ಯಾಲ ಲಗ್ನ ಮಾಡ್ರಿ ಎಂದು ಅವಳ ಬೀಗರೆದುರಿಗೇ ನಾನು ಅಂದುಬಿಟ್ಟಿದ್ದೆ, ಟೀಚರ್ ಬಾಯಿ, ತಡೆಯುವುದಿಲ್ಲ, ಅವತ್ತಿನಿಂದ ನನ್ನನ್ನು ಕಂಡರೆ ಸೆರಗು ಝಾಡಿಸಿಕೊಂಡು ಹೋಗುತ್ತಿದ್ದಳು, ಇವತ್ತು ನೋಡಿದರೆ ಕೈಯಲ್ಲಿ ಡಬ್ಬಿ ಹಿಡಿದು ಬಸ್ಸಿನ ಬಾಗಿಲಿಗೇ ಬಂದು ನಿಂತಿದ್ದಾಳೆ, ನಾನು ಈ ಬಸ್ಸಿಗೆ ಬರುತ್ತೇನೆ ಎಂದು ಅತ್ತೆ ಹೇಳಿರಬೇಕು. ಅಕ್ಕಾ, ನಾ ಏನರೆ ಅಂದಿದ್ರ, ಆಡಿದ್ರ ಮಾಫ್ ಮಾಡವಾ, ಅಂಥಾ ಜಾಗಾಕ್ಕ ಹೊಂಟೀದಿ, ಮನಸ್ಸಿನ್ಯಾಗ ಏನೂ ಇಟಗೊಂಡು ಹೋಗಬ್ಯಾಡ — ಹೋಗುವವರು ಎಲ್ಲರ ಹತ್ತಿರ ಮಾಫಿ ಕೇಳಿ ಹೋಗಬೇಕು, ಉಳಿದವರು ಹೋಗುವವರ ಹತ್ತಿರ ಕೇಳಬೇಕು, ಅದು ನಮ್ಮಲ್ಲಿಯ ರೀತಿ, ಆದರೆ ನಾಜಿಮಾ ರೀತಿಗೆ ಕೇಳುತ್ತಿರಲಿಲ್ಲ, ನನ್ನ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು, ಕಣ್ಣು ಬೆಚ್ಚಗಿತ್ತು, ಹಸಿಯಾಗಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಮಂದಿ ನೋಡುತ್ತಿದ್ದರು, ನೀನೂ ಮಾಫ್ ಮಾಡವಾ ನಾಜಿಮಾ, ನನ್ನ ಬಾಯಿ ಸುಟ್ಟಿದ್ದು ಅಂದೆ, ಅದು ನನ್ನೊಳಗಿಂದ ಖರೇನೇ ಬಂತು, ನನಗೂ ಅಳು ಬಂತು, ಇದೇ ನೋಡಿ ನನಗೆ ತಡೆಯಲಾಗದ್ದು, ಅಳು ಖರೇ, ಮಾಫಿ ಖರೇ, ಅದು ನಿಂತ ಜಾಗ ಮಾತ್ರ ಸುಳ್ಳು. ಶೇಂಗಾದ ಹೋಳಿಗಿ ಅದಾವ, ದಾರ್ಯಾಗ ತಿನ್ನು, ಅಲ್ಲಿ ಹೋದಕೂಡಲೆ ನನ್ನ ಮಗಳ ಹೆಸರ ತಗೋ, ಆಕಿಗೆ ಇನ್ನಾ ಮಕ್ಕಳಾಗಿಲ್ಲ ಅಂದಳು. ಹೂಂ ಅಂದೆ. ಹೂಂ ಅಂದೆನಲ್ಲ, ಥೂ ನನ್ನ.

ದೇವರ ಹಿಪ್ಪರಗಿ ದಾಟಿತು, ತೊಗರಿ ಕಿತ್ತ ಹೊಲಗಳು, ಜೋಳದ ಕೊಯ್ಲಾದ ಕೂಳೆ, ಡಬ್ಬಿ ತೊಡೆಯ ಮೇಲೆ ಬಿಸಿಯಾಗಿದೆ, ತೆಗೆದು ಒಂದು ಹೋಳಿಗೆ ತಿಂದೇಬಿಟ್ಟೆ, ಹೊಟ್ಟೆಗೆ ನಾಚಿಕೆ ಇಲ್ಲ. ಮೊದಲ ದಿನ ವಿಯೆನ್ನಾದಲ್ಲಿ ಇಳಿದು ಮಲಗಬಾರದು, ಸೀದಾ ಹೊಳೆಗೆ, ಎರಡನೆಯ ದಿನ ಸುವರ್ಣಾಳ ಅರಮನೆ, ಮೂರನೆಯ ದಿನ — ಬೆಳಿಗ್ಗೆ ಬಂದ ಯಾಸ್ಮಿನಳ ಫೋನು ಮತ್ತೆ ಕಿವಿಯಲ್ಲಿ, ನನ್ನ ನೆಗೆಣ್ಣಿ ಯಾಸ್ಮಿನ, ಮೈದುನನ ಹೆಂಡತಿ, ಅತ್ತೆ ಇರುವುದು ಅವರ ಮನೆಯಲ್ಲೇ, ಅ‌ಕ್ಕಾ, ಲಗೂ ಬಾರವಾ, ಮನಿ ಮುಂದ ಪೆಂಡಾಲ ಹಾಕ್ಯಾರ, ಅತ್ತಿ ಮುಂಜಾನಿಂದ ತಮ್ಮ ಕಫನ್ ತಗದಿಟಗೊಂಡು ಕುಂತಾರ, ನಿನ್ನ ಕೈಯಾಗ ಕೊಟ್ಟ ಕಳಿಸಬೇಕಂತ. ಕಫನ್. ಸತ್ತಮೇಲೆ ಹೊದಿಸುವ ಬಿಳೀ ಅರಿವೆ, ಅದನ್ನು ಮಕ್ಕಾಕ್ಕೆ ಒಯ್ದು ಅಲ್ಲಿಯ ಪವಿತ್ರ ಬಾವಿಯ ಜಮ್‌ಜಮ್ ನೀರಿನಲ್ಲಿ ಅದ್ದಿ, ಒಣಗಿಸಿ, ತಂದು ಪೆಟ್ಟಿಗೆಯಲ್ಲಿ ಇಡುತ್ತಾರೆ, ಅದನ್ನು ಹೊದ್ದು ಮಣ್ಣಿಗೆ ಹೋಗಬೇಕೆನ್ನುವುದು ನಮ್ಮ ಹಿರಿಯರೆಲ್ಲರ ಆಸೆ. ಮಾವ ಹಜ್‌ಗೆ ಹೋದಾಗ ಅತ್ತೆ ಇಬ್ಬರದೂ ಮಡಿಚಿ ಕೊಟ್ಟಿದ್ದರಂತೆ, ಮಾವ ತಮ್ಮದೊಂದನ್ನೇ ಅದ್ದಿಕೊಂಡು ಬಂದರು, ಅತ್ತೆಯದು ಚೀಲದ ತಳದಲ್ಲಿ ಮಡಿಚಿದ್ದು ಮಡಿಚಿದ ಹಾಗೇ ಇತ್ತು, ಮರತೆ ಅಂದರಂತೆ, ಅಷ್ಟೇ, ಅದರ ಮೇಲೆ ಅತ್ತೆ ಒಂದು ಮಾತೂ ಆಡಲಿಲ್ಲವಂತೆ, ಮಾವ ತೀರಿಕೊಂಡಾಗ ಆ ನೀರು ಕಂಡ ಅರಿವೆಯನ್ನು ತಾವೇ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಹೋಟೆಲಿನ ಬಚ್ಚಲಿನಲ್ಲಿ ಅದ್ದಿ ಒಣಗಿಸಿಕೊಂಡು ಬಂದರೆ ಯಾರಿಗೆ ಗೊತ್ತಾಗುತ್ತದೆ — ಇದು ನನ್ನ ತಲೆಯಲ್ಲೇ ಬಂತು, ನಾನೇ ಯೋಚಿಸಿದ್ದು, ಬೆಳಿಗ್ಗೆ ಫೋನು ಇಡುತ್ತಲೇ ಬಂತು, ಅಥವಾ ವಿಜಯಪುರದಲ್ಲಿ ಯಾರ ಮನೆಯಲ್ಲಾದರೂ ಜಮ್‌ಜಮ್ ಬಾಟಲಿ ಇದ್ದೇ ಇರುತ್ತದೆ, ಎರಡು ಹನಿ ಚಿಮುಕಿಸಿದರೆ — ಛೀ, ಛೀ, ಒಬ್ಬ ಮುದುಕಿಯ ಸಾವಿಗೂ ಸುಳ್ಳು ಸುತ್ತುವವಳಾದೆಯಾ ನಿಷತ. ಅದೂ ಯಾರಿಗೆ, ಒಮ್ಮೆ ಯಾರೋ ರೈತ ನಿಂಬೆಯ ಲೆಕ್ಕಕ್ಕೆ ಬಂದಾಗ ಇವರು, ನಾ ಇಲ್ಲ ಅಂತ ಹೇಳವಾ, ಎಂದು ಒಳಗೆ ಕೂತರೆ, ಬಾಗಿಲಿಗೆ ಹೋಗಿ ಒಳಗ ಅದಾನಪ್ಪಾ, ಇಲ್ಲ ಅಂತ ಹೇಳು ಅಂದಾನ ಎಂದು ಹೇಳಿ ಬಂದ ಹೆಂಗಸಿಗೆ. ಅವರು ಸುಳ್ಳು ಹೇಳುವುದಿಲ್ಲ ಎಂದಲ್ಲ, ಅವರಿಗೆ ಅದು ಬರುವುದೇ ಇಲ್ಲ, ನನಗಾದರೆ ಈ ಒಂದು ತಿಂಗಳಲ್ಲಿ ಕೈವಶವಾಗಿಬಿಟ್ಟಿದೆ, ಸ್ವೆಟರ್ ಕೊಂಡಾಗ ಯಾಸ್ಮಿನ ಮಕ್ಕಾದಾಗ ಸ್ವೆಟರ್ ಯಾಕಕ್ಕಾ ಅಂದರೆ ವಿಮಾನದಾಗ ಏಸಿ ಭಾಳ ಇರತೈತಂತ ಎಂದು ರೆಪ್ಪೆ ಬಡಿಯದೆ ಹೇಳಿದೆ.

ಬಸವನ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಡ್ರೈವರ್ ಚಹಾಕ್ಕೆ ಇಳಿದ, ಸುವರ್ಣಾ ಸ್ಕೂಟಿ ನಿಲ್ಲಿಸಿ ಕಿಟಕಿಯ ಕೆಳಗೆ ಬಂದಳು, ಆರಾಮೇನ ಎಂದೂ ಕೇಳಲಿಲ್ಲ, ಮೊಬೈಲು ಮೇಲೆತ್ತಿ ಹಿಡಿದಳು, ನೋಡಕ್ಕಾ, ಬುಡಾಪೆಸ್ಟಿನ್ಯಾಗ ರೂಮ್ ಸಿಕ್ಕೈತಿ, ಕಿಡಕಿ ತಗದ್ರ ಹೊಳಿ, ನೀ ಹೇಳಿದಂಗ ನಾಕ್ ದಿನ ಅಲ್ಲೇ ಇರೂಣು, ಅರಮನಿ ಹಾಳಾಗಿ ಹೋಗಲಿ. ಫೋಟೋದಲ್ಲಿ ಒಂದು ಬಿಳಿ ಪರದೆ, ಅದರ ಸಂದಿಯಲ್ಲಿ ನೀರು, ನೀಲಿಯಲ್ಲ, ಬೂದಿ ಬಣ್ಣದ್ದು, ನಾನು ಇಷ್ಟು ವರ್ಷ ನೀಲಿ ಸೀಮೆಸುಣ್ಣ ಹಿಡಿದೆನಲ್ಲ — ಎದೆಯೊಳಗೆ ಏನೋ ಹೊರಳಿತು, ತಗೋ ತಗೋ, ಬುಕ್ ಮಾಡು ಅಂದೆ. ಮಾಡ್ತೇನಿ, ಆದ್ರ ಮೊದಲ ಹೇಳು, ಇವತ್ತ ನಿಮ್ಮ ಅತ್ತಿಗೆ ಹೇಳ್ತಿಯೋ ಇಲ್ಲೋ. ಹೇಳ್ತೇನಿ. ಹೋದ ಐತವಾರನೂ ಹಿಂಗ ಅಂದಿ. ಇವತ್ತ ಹೇಳ್ತೇನವಾ. ನಿನ್ನೆ ನಮ್ಮತ್ತಿ ಕೇಳಿದ್ರು, ನಿಷತ ಟೀಚರ್ ಮಕ್ಕಾಕ್ಕ ಹೊಂಟಾರಂತಲ್ಲ, ನೀ ಹೆಂಗ ಅವರ ಜೋಡಿ ಹೋಗ್ತಿ ಅಂತ, ನಾ ಏನ ಹೇಳ್ಲಿ, ಮುಂಬೈತನಕ ಕಳಿಸಿ ಬರ್ತೇನಿ ಅನ್ಲಿ, ಕಳಿಸಿ ಬರಾಕ ಒಂದ ವಾರ ಬೇಕಾ ಅಂದ್ರ ಏನ ಅನ್ಲಿ ಎಂದಳು, ನಾನು ನಕ್ಕೆ, ಅವಳು ನಗಲಿಲ್ಲ. ಸುವರ್ಣಾ ಸಿಟ್ಟಾದರೆ ಅವಳ ದನಿ ಸಣ್ಣದಾಗುತ್ತದೆ, ಅಕ್ಕಾ, ನಾವು ಸುಮ್ನ ಹೋಗೂಣು ಅಂತ ಮಾಡಿದ್ವಿ, ಹಿಂಗ ಸುಳ್ಳ ಹೇಳಿ ಹೋದ್ರ ಅದು ಸುಮ್ನ ಹೋದಂಗ ಅಲ್ಲ, ಕದ್ದು ಹೋದಂಗ, ಕದ್ದು ಹೋಗಾಕ ನಾ ಬರಂಗಿಲ್ಲ, ಇವತ್ತ ನೀ ಹೇಳಲಿಲ್ಲಂದ್ರ ನಾ ಈ ರೂಮ್ ತಗೊಳಂಗಿಲ್ಲ, ಟಿಕೀಟೂ ರದ್ದು ಮಾಡ್ತೇನಿ. ಡ್ರೈವರ್ ಹತ್ತಿದ, ಬಸ್ಸು ಅಲುಗಿತು, ಅವಳು ಕಿಟಕಿಯ ಸರಳಿನ ಮೇಲಿದ್ದ ನನ್ನ ಬೆರಳುಗಳನ್ನು ಒಮ್ಮೆ ಒತ್ತಿ ಬಿಟ್ಟಳು.

ಕಾಲುವೆ, ಕಬ್ಬು, ಮತ್ತೆ ಕಾಲುವೆ, ಮುದ್ದೇಬಿಹಾಳ. ಪೆಂಡಾಲಿನ ಕೆಳಗೆ ಗಂಡಸರು, ಮೈದುನ ಸರ್ಫರಾಜ ದೇಗಿನ ಮುಚ್ಚಳ ತೆಗೆದು ನೋಡುತ್ತಿದ್ದಾನೆ, ಬಿರ್ಯಾನಿಯ ಉಗಿ ಬೀದಿಗೆಲ್ಲಾ, ಭಾಬಿ ಬಂದ್ರು ಭಾಬಿ ಬಂದ್ರು, ಪಕ್ಕದ ಮನೆಯ ಚಂದವ್ವ ಮಲ್ಲಿಗೆ ಹಾರ ಹಿಡಿದು ನಿಂತಿದ್ದಾಳೆ, ನಿಮ್ಮ ದೇವರಿಗೆ ನನ್ನದೂ ಒಂದ ಶರಣ ಹೇಳವಾ, ಮೊಣಕಾಲ ನೋವು ಹೋಗಲಿ ಅಂತ, ಹಾರ ಕೊರಳಿಗೆ ಬಿತ್ತು, ಯಾರು ಯಾರೋ ಕೈ ಹಿಡಿದರು, ಬಿಡಿಸಿಕೊಂಡು ಬಿಡಿಸಿಕೊಂಡು ಪಡಸಾಲೆ ದಾಟಿ ಒಳಕೋಣೆಗೆ ಹೋದೆ, ಬಾಗಿಲು ಮುಚ್ಚಿಕೊಂಡೆ, ಕುಂತರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ, ಅತ್ತೀ, ನಾ ಉಮ್ರಾಕ್ಕ ಹೊಂಟಿಲ್ರಿ. ಅತ್ತೆ ಹಾಸಿಗೆಯ ಮೇಲೆ ಕೂತಿದ್ದರು, ಮುಂದೆ ಆ ಬಿಳೀ ಅರಿವೆ, ಮಡಿಕೆಯ ಗೆರೆಗಳಲ್ಲಿ ಹಳದಿಯಾದದ್ದು, ಅವರ ಎರಡು ಕೈ ಅದರ ಮೇಲೆ ಸುಕ್ಕು ತೀಡುತ್ತಿದ್ದವು, ನಿಲ್ಲಲಿಲ್ಲ, ತೀಡುತ್ತಲೇ ಇದ್ದವು, ಮತ್ತ ಎಲ್ಲಿಗೆ ಹೊಂಟೀದಿ ಅಂದರು. ಯೂರೋಪ ಅಂತ ಐತ್ರಿ ಅತ್ತೀ, ಅಲ್ಲಿ ವಿಯೆನ್ನಾ ಬುಡಾಪೆಸ್ಟ್ ಅಂತ ಎರಡ ಊರು. ಅಲ್ಲಿ ಯಾರ ಅದಾರ. ಯಾರೂ ಇಲ್ರಿ. ಏನೈತಿ. ಹೊಳಿ ಐತ್ರಿ. ಹೊಳಿ, ಅಂದರು, ಕೈ ಈಗ ನಿಂತಿತು, ಹೊಳಿ ನೋಡಾಕ ಅಷ್ಟ ದೂರ ಹೋಗ್ತಾರೇನ, ಇಲ್ಲೇ ಕೃಷ್ಣಾ ಇಲ್ಲೇನ, ಆ ಹೊಳ್ಯಾಗ ನಿನಗೇನ ಕೆಲಸ. ಏನೂ ಕೆಲಸ ಇಲ್ರಿ, ಸುಮ್ನ, ಅಂದೆ. ಸುಮ್ನ, ಎಂದು ಅವರು ಆ ಶಬ್ದವನ್ನು ಒಮ್ಮೆ ಬಾಯಲ್ಲಿ ಹಾಕಿಕೊಂಡು ನೋಡಿದರು, ಉಗುಳಲೂ ಇಲ್ಲ, ನುಂಗಲೂ ಇಲ್ಲ. ಆಮೇಲೆ, ಇಷ್ಟ ದಿನ ನನ್ನ ಮಾರಿ ಮುಂದ ಓಡ್ಯಾಡಕೋತ ಸುಮ್ನಿದ್ದಿಯಲ್ಲ ನಿಷತ, ನಾ ರಂಜಾನ ತಿಂಗಳ ಪೂರ್ತಿ ನಮಾಜಿನ್ಯಾಗ ನಿನ್ನ ಹೆಸರ ತಗೊಂಡೆ, ಓಣ್ಯಾಗ ಎಲ್ಲಾರ ಮುಂದ ಎದಿ ಉಬ್ಬಿಸಿ ಅಡ್ಡಾಡಿದೆ ಅಂದರು, ದನಿ ಏರಲಿಲ್ಲ, ಏರಿದ್ದರೆ ನನಗೆ ಸುಲಭವಿತ್ತು. ನೀವು ಅಳಾಕತ್ತಿದ್ರಿ ಅತ್ತೀ, ಕಣ್ಣಿಗೆ ಆಪರೇಶನ್ ಆಗಿತ್ತು, ಅಂದೆ. ಕಣ್ಣು ಯಾವಾಗೋ ಆರಾಮ ಆಗ್ಯಾವಲ್ಲ ಅಂದರು, ಅರಿವೆಯನ್ನು ಕೈಗೆತ್ತಿಕೊಂಡರು, ಇದನ್ನ ಇನ್ನ ಯಾರರೆ ಹೋಗೂಮುಂದ ಕೊಡ್ತೇನಿ, ಅಲ್ಲೀತನಕ ನಾ ಇರಬೇಕಲ್ಲ, ಅಂದರು. ನಾನು ಅವರ ಕಾಲ ಹತ್ತಿರ ಕೂತುಬಿಟ್ಟೆ, ನಾ ಹೋಗಂಗಿಲ್ರಿ, ರದ್ದು ಮಾಡ್ತೇನಿ, ಈಗ ಹೊರಗ ಹೋಗಿ ಎಲ್ಲಾರಿಗೂ ಖರೇ ಹೇಳ್ತೇನಿ ಅಂದೆ, ಹೇಳುತ್ತ ಹೇಳುತ್ತಲೇ ಬಿಳಿ ಪರದೆ, ಬೂದಿ ಬಣ್ಣದ ನೀರು, ಹೋಯಿತು, ಮೂವತ್ತು ವರ್ಷದ ಹೊಳೆ ಒಂದು ಮಾತಿನಲ್ಲಿ ಬತ್ತಿತು, ಬಿಕ್ಕಿಬಿಟ್ಟೆ, ಅತ್ತೆ ನನ್ನ ನೆತ್ತಿ ನೋಡುತ್ತ, ಒಂದು ಹೊಳಿ ಸಲುವಾಗಿ ಇಷ್ಟ ಅಳ್ತಾರೇನ, ಅಂದರು, ನನ್ನನ್ನು ಕೇಳಿದ ಹಾಗಿರಲಿಲ್ಲ. ಹೊರಗೆ ಯಾಸ್ಮಿನ ಬಾಗಿಲು ಬಡಿದಳು, ಅತ್ತೀ, ಮಂದಿ ಕಾಯಾಕತ್ತಾರ್ರಿ, ದುವಾ ಮಾಡಬರ್ರಿ. ಮಾರಿ ತೊಳಕೊಂಡು ಬಾ, ಹೊರಗ ಬಾಯಿ ಬಿಟ್ಟೀಯೆಂದ್ರ ನೋಡು, ಅಂದು ಅತ್ತೆ ಗೋಡೆ ಹಿಡಿದು ಎದ್ದರು.

ಪಡಸಾಲೆ ತುಂಬ ಹೆಂಗಸರು, ಸೆರಗು ಹೊದ್ದ ತಲೆಗಳು, ಅತ್ತರಿನ ವಾಸನೆ, ಬಿರ್ಯಾನಿಯ ವಾಸನೆ, ನನ್ನನ್ನು ನಡುವೆ ಕೂರಿಸಿದರು, ಹಾರ ಕುತ್ತಿಗೆಗೆ ಚುಚ್ಚುತ್ತಿದೆ, ಎದುರಿಗೆ ಅತ್ತೆ, ಕಂಕುಳಲ್ಲಿ ಆ ಅರಿವೆ, ಏನು ಮಾಡುತ್ತಾರೆ, ಹೇಳಿಬಿಡುತ್ತಾರೆ, ಅವರಿಗೆ ಬೇರೆ ಬರುವುದಿಲ್ಲ, ಈಗ ಇಷ್ಟು ಮಂದಿಯೆದುರು ನಮ್ಮ ಸೊಸಿ ಹೊಳಿ ನೋಡಾಕ ಹೊಂಟಾಳ ಎನ್ನುತ್ತಾರೆ, ಅನ್ನಲಿ, ಅಂದುಬಿಟ್ಟರೆ ಸಾಕು, ನಗಲಿ, ಉಗುಳಲಿ, ಮೊಬೈಲು ಚೀಲದಲ್ಲಿ ಗುಂಯ್ ಅನ್ನುತ್ತಿದೆ, ಸುವರ್ಣಾ ಇರಬೇಕು, ಹೇಳಿದಿಯಾ ಎಂದು ಕೇಳುತ್ತಿರಬೇಕು, ಹೇಳಿದೆ ಸುವರ್ಣಾ, ಹೇಳಿದೆ, ಆದರೆ — ಅತ್ತೆ ಮುಂದೆ ಬಂದರು, ಅರಿವೆಯನ್ನು ನನ್ನ ಮಡಿಲಿಗೆ ಇಟ್ಟರು, ಹಗುರ, ಇಷ್ಟು ಹಗುರ ಇರುತ್ತದೆಯೇ ಅದು, ಯಾರೋ ಸುಬಹಾನಲ್ಲಾ ಅಂದರು, ಅತ್ತೆ ಎರಡೂ ಕೈ ಮೇಲೆತ್ತಿದರು, ಕೈ ಎತ್ತಿದ ಕೂಡಲೆ ಪಡಸಾಲೆಯಲ್ಲಿ ಎಲ್ಲಾ ಕೈ ಎದ್ದವು, ಯಾ ಅಲ್ಲಾ, ನಮ್ಮ ಮನಿ ಸೊಸಿ ನಿನ್ನ ಬಾಗಲಕ್ಕ ಹೊಂಟಾಳ, ಅಂದರು. ಆಮೀನ್. ಇಕಿ ಹಾದಿ ಸುಖ ಮಾಡು. ಆಮೀನ್. ಇಕಿ ಕಣ್ಣಿಗೆ ನಿನ್ನ ಮನಿ ತೋರಸು, ಇಕಿ ಏನ ನೋಡಾಕ ಹೊಂಟಾಳ ಅದನ್ನ ಕಣ್ತುಂಬ ತೋರಸು. ಆಮೀನ್, ಆಮೀನ್ — ಇಲ್ಲ, ಅತ್ತೀ, ಬೇಡ, ಹೀಗಲ್ಲ, ಗೊತ್ತಿದ್ದೂ ಹೇಳುತ್ತಿದ್ದಾರೆ, ಕಣ್ಣು ಬಿಟ್ಟುಕೊಂಡು, ಇಷ್ಟು ಮಂದಿಯೆದುರು, ಆ ಅಲ್ಲಾನೆದುರಿಗೇ, ನನಗಾಗಿ ಸುಳ್ಳು ಹೇಳುತ್ತಿದ್ದಾರೆ, ನಾನು ಆಡಿದ ಸುಳ್ಳು ಮನುಷ್ಯರಿಗೆ ಆಡಿದ್ದು, ಇವರು — ಎಲ್ಲರೂ ಕೊನೆಯ ಆಮೀನ್ ಅಂದರು, ಕೈಗಳು ಮುಖ ಸವರಿ ಇಳಿದವು, ಯಾಸ್ಮಿನಳದು ಇಳಿಯಿತು, ಎಲ್ಲರದೂ ಇಳಿಯಿತು, ಅತ್ತೆಯದು ಇಳಿಯಲಿಲ್ಲ, ನನ್ನದೊಂದು ಆಮೀನ್ ಬಾಕಿ ಇದೆ, ಅದಿಲ್ಲದೆ ಇಳಿಸುವುದಿಲ್ಲ, ಆಮೀನ್ ಅಂದರೆ ಆ ಸುಳ್ಳಿಗೆ ನನ್ನ ಮುದ್ರೆ, ಅನ್ನದಿದ್ದರೆ ಇಷ್ಟು ಮಂದಿಯ ನಡುವೆ ಅವರೊಬ್ಬರೇ, ಬಾಯಿ ತೆರೆದೆ, ಅತ್ತೆ ನನ್ನ ಕಡೆ ನೋಡುತ್ತಿಲ್ಲ, ಮೇಲೆ ನೋಡುತ್ತಿದ್ದಾರೆ, ಎರಡು ಕೈ, ಬೆರಳ ಗಂಟುಗಳು, ಅಂಗೈಯಲ್ಲಿ ಹಬ್ಬದ ಮೆಹಂದಿ ಅರ್ಧ ಮಾಸಿದೆ, ಎಂಬತ್ತು ವರ್ಷದ ಕೈ, ಎಷ್ಟು ಹೊತ್ತು ಹಿಡಿದಾವು, ಹಿಡಿದಿವೆ, ಎರಡು ಕೈ, ಖಾಲಿ, ಇನ್ನೂ ಮೇಲೆಯೇ.